ಬಾಸ್ಟನ್ನಿನ ವಸಂತದಲ್ಲಿ ಬಿಸಿಲು ನೋಡಬೇಡಿ, ಗಾಳಿ ನೋಡಿ

ಬಾಸ್ಟನ್ ಮ್ಯಾರಥಾನ್ ಸಾಮಾನ್ಯವಾಗಿ ನಡೆಯುವುದು ಏಪ್ರಿಲ್ ತಿಂಗಳ ಮೂರನೇ ಸೋಮವಾರ. ದಾರಿಯೂ ಅದೇ. ಪಶ್ಚಿಮದ ಹಾಪ್ಕಿಂಟನ್ ಎಂಬ ಪುಟ್ಟ ಊರಿಂದ ಹೊರಟು ಆಶ್‌ಲ್ಯಾಂಡ್, ಫ್ರೇಮಿಂಗ್‌ಹ್ಯಾಮ್, ನೇಟಿಕ್, ವೆಲ್ಸ್ಲಿ, ನ್ಯೂಟನ್ ದಾಟಿ ಪೂರ್ವಕ್ಕೆ, ಸಮುದ್ರದ ಕಡೆಗೆ, 42.195 ಕಿಲೋಮೀಟರ್. ಆಶ್‌ಲ್ಯಾಂಡಿನಲ್ಲಿ ಓಟಗಾರರು ಲಕ್ಷ್ಮೀ ದೇವಸ್ಥಾನದ ಮುಂದಿನ ರಸ್ತೆಯಲ್ಲೇ ಹಾದು ಹೋಗುತ್ತಾರೆ. ಇಲ್ಲಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಜಾಗ.

ತಿಂಗಳು ಒಂದೇ, ದಾರಿ ಒಂದೇ. ಹವೆ ಮಾತ್ರ ಯಾವತ್ತೂ ಒಂದೇ ಅಲ್ಲ. 2011ರಲ್ಲಿ ಗಾಳಿ ಹಿಂದಿನಿಂದ ಬೀಸಿತು. ಜೆಫ್ರಿ ಮುಟಾಯ್ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಆವರೆಗೆ ಜಗತ್ತಿನಲ್ಲಿ ಯಾರೂ ಮ್ಯಾರಥಾನನ್ನು ಅಷ್ಟು ಬೇಗ ಓಡಿರಲಿಲ್ಲ. ಆದರೆ ಅದು ವಿಶ್ವದಾಖಲೆ ಆಗಲಿಲ್ಲ. ಇಳಿಜಾರಿನ, ಒಂದೇ ದಿಕ್ಕಿಗೆ ಓಡುವ ದಾರಿಯನ್ನು ದಾಖಲೆಗೆ ಪರಿಗಣಿಸುವುದಿಲ್ಲ. ಮರುವರ್ಷ, 2012ರಲ್ಲಿ, ಉಷ್ಣಾಂಶ 31 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಯಿತು. ಬೇಡ ಅನ್ನಿಸಿದವರು ಮುಂದಿನ ವರ್ಷ ಬಂದು ಓಡಬಹುದು ಅಂತ ಆಯೋಜಕರೇ ಅವಕಾಶ ಕೊಟ್ಟರು. 2018ರಲ್ಲಿ ಸುಮಾರು 4 ಡಿಗ್ರಿ ಚಳಿ, ಸುರಿಯುವ ಮಳೆ, ಮುಖಕ್ಕೆ ಬಡಿಯುವ ಗಾಳಿ. ಮಹಿಳೆಯರಲ್ಲಿ ಗೆದ್ದ ಡೆಸಿರೆ ಲಿಂಡನ್ ತೆಗೆದುಕೊಂಡದ್ದು 2 ಗಂಟೆ 39 ನಿಮಿಷ 54 ಸೆಕೆಂಡ್. 1978ರ ನಂತರ ಅಷ್ಟು ನಿಧಾನವಾಗಿ ಯಾವ ಮಹಿಳೆಯೂ ಇಲ್ಲಿ ಗೆದ್ದಿರಲಿಲ್ಲ.

ಊರಿಂದ ಫೋನ್ ಮಾಡುವ ಅಮ್ಮಂದಿರು "ಅಲ್ಲಿ ಈಗ ಬೇಸಿಗೆನಾ, ಚಳಿಗಾಲಾನಾ?" ಅಂತ ಕೇಳಿದರೆ ಏಪ್ರಿಲ್‌ನಲ್ಲಿ ನೆಟ್ಟಗೆ ಉತ್ತರ ಕೊಡುವುದು ಕಷ್ಟ. "ಇಲ್ಲಿನ ಹವೆಗೆ ಹುಚ್ಚು" ಅಂದು ಕೈಬಿಡುವುದು ಸುಲಭ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಆ ಮೂರು ವರ್ಷಗಳನ್ನೇ ಇನ್ನೊಮ್ಮೆ ನೋಡಿ. 2011, 2012ರಲ್ಲಿ ಗಾಳಿ ಬಂದದ್ದು ನೆಲದ ಕಡೆಯಿಂದ, ಪಶ್ಚಿಮದಿಂದ. 2018ರಲ್ಲಿ ಬಂದದ್ದು ಕಡಲಿನ ಕಡೆಯಿಂದ, ಪೂರ್ವದಿಂದ. ಇಷ್ಟು ಹಿಡಿದುಕೊಂಡರೆ ಬಾಸ್ಟನ್ನಿನ ವಸಂತ ಅರ್ಧ ಅರ್ಥವಾದ ಹಾಗೆ.

ಎರಡು ಗಾಳಿಗಳ ನಡುವಿನ ಊರು

ಬಾಸ್ಟನ್ ಇರುವುದು ಸುಮಾರು 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಂಗಳೂರು 13ರ ಹತ್ತಿರ. ಏಪ್ರಿಲ್ ಹೊತ್ತಿಗೆ ಅಮೆರಿಕದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಕೊಲ್ಲಿಯ ಸುತ್ತ, ಸೆಖೆ ಶುರುವಾಗಿರುತ್ತದೆ. ಉತ್ತರಕ್ಕೆ ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ನೀರು ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ಇವೆರಡರ ನಡುವೆ ಅಡ್ಡ ನಿಲ್ಲುವ ಬೆಟ್ಟಸಾಲು ಇಲ್ಲ. ಉತ್ತರ ಅಮೆರಿಕದ ದೊಡ್ಡ ಪರ್ವತಗಳು ಹೆಚ್ಚಾಗಿ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಮಲಗಿವೆ. ನಮಗೆ ಹಿಮಾಲಯ ಅಡ್ಡ ನಿಂತು ಮಧ್ಯ ಏಷ್ಯಾದ ಚಳಿಯನ್ನು ತಡೆಯುತ್ತದಲ್ಲ, ಆ ಸೌಲಭ್ಯ ಇಲ್ಲಿಲ್ಲ. ಹಾಗಾಗಿ ಉತ್ತರದ ಗಾಳಿಗೂ ದಕ್ಷಿಣದ ಗಾಳಿಗೂ ದಾರಿ ಪೂರ್ತಿ ಖಾಲಿ.

ಗಾಳಿ ಒಂದೇ ಜಾಗದಲ್ಲಿ ಕೆಲವು ದಿನ ನಿಂತರೆ ಆ ಜಾಗದ ಗುಣ ಅದಕ್ಕೆ ಹತ್ತುತ್ತದೆ. ಹಿಮದ ಮೇಲೆ ನಿಂತದ್ದು ತಣ್ಣಗೆ, ಒಣಗಿ ಇರುತ್ತದೆ. ಬೆಚ್ಚನೆಯ ಕಡಲ ಮೇಲೆ ನಿಂತದ್ದು ಬಿಸಿಯಾಗಿ, ತೇವ ತುಂಬಿಕೊಂಡು ಇರುತ್ತದೆ. ಸಾವಿರ ಕಿಲೋಮೀಟರ್ ಅಗಲದ ಇಂಥ ಎರಡು ಗಾಳಿರಾಶಿಗಳು ಎದುರಾದರೆ ಸುಲಭವಾಗಿ ಬೆರೆಯುವುದಿಲ್ಲ. ನಡುವೆ ಒಂದು ಗಡಿ ಏರ್ಪಡುತ್ತದೆ. ಅದೇ ಫ್ರಂಟ್.

ಈ ಕಲ್ಪನೆಗೆ ನೂರು ವರ್ಷ ಆಗಿದೆ ಅಷ್ಟೇ. ನಾರ್ವೆಯ ಬರ್ಗೆನ್ ಊರಿನಲ್ಲಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್, ಅವರ ಮಗ ಯಾಕೊಬ್ ಮತ್ತು ಜೊತೆಗಾರರು ಹವಾಮಾನ ನಕ್ಷೆಗಳ ಮೇಲೆ ಇಂಥ ಗೆರೆಗಳನ್ನು ಗುರುತಿಸಿದರು. ಯಾಕೊಬ್ ಅವರ ಮುಖ್ಯ ಲೇಖನ ಬಂದದ್ದು 1919ರಲ್ಲಿ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಎರಡು ಸೇನೆಗಳು ಎದುರುಬದುರು ನಿಂತು ಹಿಂದೆ ಮುಂದೆ ಜಗ್ಗಾಡುವ ಯುದ್ಧದ ಗೆರೆಗೆ ಇದ್ದ ಹೆಸರನ್ನೇ ಹವೆಯ ಗೆರೆಗೂ ಇಟ್ಟರು.

ತಣ್ಣನೆಯ ಗಾಳಿ ಭಾರ, ಬಿಸಿ ಗಾಳಿ ಹಗುರ. ತಣ್ಣನೆಯದು ಮುನ್ನುಗ್ಗಿದಾಗ ಬಿಸಿ ಗಾಳಿಯ ಅಡಿಗೆ ತೂರುತ್ತದೆ. ದೋಸೆಯ ಅಡಿಗೆ ಮೊಗಚುವ ಕೈ ಹಾಕಿ ಎತ್ತುತ್ತೇವಲ್ಲ, ಹಾಗೆ. ಎತ್ತಲ್ಪಟ್ಟ ಗಾಳಿ ಮೇಲೆ ಹೋಗಿ ತಣಿಯುತ್ತದೆ, ಅದರಲ್ಲಿದ್ದ ತೇವ ಮೋಡವಾಗುತ್ತದೆ, ಗುಡುಗು-ಮಳೆ ಬರುತ್ತದೆ. ಇದು ಕೋಲ್ಡ್ ಫ್ರಂಟ್. ಬರುವಾಗ ಗಲಾಟೆ ಜಾಸ್ತಿ, ಆದರೆ ಬೇಗ ಮುಗಿಯುತ್ತದೆ. ಗಾಳಿ ವಾಯವ್ಯಕ್ಕೆ ತಿರುಗಿ ಆಕಾಶ ತೊಳೆದಂತೆ ನೀಲಿಯಾಗುತ್ತದೆ.

ಬಿಸಿ ಗಾಳಿ ಮುಂದೆ ಬಂದರೆ ಅದಕ್ಕೆ ತಣ್ಣನೆಯದನ್ನು ತಳ್ಳುವ ಶಕ್ತಿಯಿಲ್ಲ. ಅದರ ಬೆನ್ನ ಮೇಲೆ ನಿಧಾನಕ್ಕೆ ಹತ್ತುತ್ತದೆ. ಇದು ವಾರ್ಮ್ ಫ್ರಂಟ್. ಇಳಿಜಾರು ಎಷ್ಟು ಕಡಿಮೆ ಅಂದರೆ, ಒಂದು ಕಿಲೋಮೀಟರ್ ಮೇಲೇರಲು ನೆಲದ ಮೇಲೆ ಇನ್ನೂರು ಕಿಲೋಮೀಟರಿನಷ್ಟು ದೂರ ಬೇಕಾಗುತ್ತದೆ. ಅದಕ್ಕೇ ಇದು ಬರುವ ಮುನ್ಸೂಚನೆ ಮೊದಲೇ ಸಿಗುತ್ತದೆ. ಮೊದಲು ತುಂಬಾ ಎತ್ತರದಲ್ಲಿ ಹತ್ತಿ ಎಳೆದಂಥ ಮೋಡ, ಆಮೇಲೆ ಸೂರ್ಯನ ಸುತ್ತ ಮಬ್ಬು, ಮರುದಿನ ತಗ್ಗಿದ ಬೂದು ಆಕಾಶ ಮತ್ತು ಜಿಟಿಜಿಟಿ ಮಳೆ.

ಸಾಮಾನ್ಯವಾಗಿ ಈ ಎರಡೂ ಗೆರೆಗಳು ಒಂದು ವಾಯುಭಾರ ಕುಸಿತಕ್ಕೆ ಅಂಟಿಕೊಂಡಿರುತ್ತವೆ. ಉತ್ತರಾರ್ಧ ಗೋಳದಲ್ಲಿ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಇದರಿಂದ ಒಂದು ಮುಖ್ಯವಾದ ವಿಷಯ ಹೊರಡುತ್ತದೆ. ಕುಸಿತ ಬಾಸ್ಟನ್ನಿನ ಪಶ್ಚಿಮಕ್ಕೆ, ಗ್ರೇಟ್ ಲೇಕ್ಸ್ ಕಡೆಯಿಂದ ಹಾದರೆ ನಗರಕ್ಕೆ ದಕ್ಷಿಣದ ಬಿಸಿ ಗಾಳಿ. ಪೂರ್ವಕ್ಕೆ, ಕಡಲ ಮೇಲೆ ಹಾದರೆ ಈಶಾನ್ಯದ ಕೊರೆಯುವ ಗಾಳಿ. ಇನ್ನೂರು ಕಿಲೋಮೀಟರ್ ಆಚೀಚೆ ಆದರೂ ಟೀ ಶರ್ಟ್ ದಿನ ಜಾಕೆಟ್ ದಿನ ಆಗುತ್ತದೆ. ಈ ಕುಸಿತಗಳನ್ನು ಓಡಿಸುವುದು ಮೇಲಿರುವ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿ. ದಕ್ಷಿಣ ಬಿಸಿಯೇರಿ ಉತ್ತರ ಇನ್ನೂ ತಣ್ಣಗಿರುವ ವಸಂತದಲ್ಲಿ ಅದು ಬಲವಾಗಿಯೂ ಇರುತ್ತದೆ, ಹಾವಿನಂತೆ ಬಳುಕುತ್ತಲೂ ಇರುತ್ತದೆ.

1997ರಲ್ಲಿ ಮಾರ್ಚ್ 30ರ ಈಸ್ಟರ್ ಭಾನುವಾರ ಬಾಸ್ಟನ್ನಿನಲ್ಲಿ ಹಿತವಾದ ಹವೆ ಇತ್ತು. ಮಾರನೆಯ ದಿನ ಕರಾವಳಿಯ ಆಚೆ ಒಂದು ಕುಸಿತ ಬಲಗೊಂಡಿತು. ಏಪ್ರಿಲ್ 1ರ ಹೊತ್ತಿಗೆ ಲೋಗನ್ ವಿಮಾನ ನಿಲ್ದಾಣದಲ್ಲಿ 25.4 ಇಂಚು, ಅಂದರೆ ಎರಡು ಅಡಿಗೂ ಜಾಸ್ತಿ ಹಿಮ ಬಿದ್ದಿತ್ತು. ಏಪ್ರಿಲ್ ಫೂಲ್ ದಿನದ ಹಿಮಬಿರುಗಾಳಿ ಅಂತ ಹಳಬರು ಈಗಲೂ ಹೇಳುತ್ತಾರೆ.

ನಮ್ಮೂರಲ್ಲಿ ಯಾಕೆ ಹೀಗಿಲ್ಲ?

ಕರ್ನಾಟಕದಲ್ಲೂ ಮಾರ್ಚ್‌ನಿಂದ ಮೇ ತನಕ ಹವೆ ಬದಲಾಗುತ್ತದೆ. ಕೊಡಗು, ಚಿಕ್ಕಮಗಳೂರಲ್ಲಿ ಕಾಫಿಗೆ ಹೂಮಳೆ ಬೇಕು, ಮಾವಿನ ಮಳೆ ಅಂತ ಬರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುವ ಗಾದೆಯೇ ಇದೆ. ಆದರೆ ಈ ಮಳೆಗಳು ಫ್ರಂಟಿನಿಂದ ಬರುವುದಿಲ್ಲ. ಉಷ್ಣವಲಯದಲ್ಲಿ ಈ ಊರಿನ ಗಾಳಿಗೂ ಇನ್ನೂರು ಕಿಲೋಮೀಟರ್ ಆಚೆಯ ಗಾಳಿಗೂ ಬಿಸಿಯಲ್ಲಿ ದೊಡ್ಡ ಅಂತರ ಇರುವುದಿಲ್ಲ. ನೆಲ ಕಾದು, ಕಡಲಿಂದ ತೇವ ಬಂದು, ಗಾಳಿಗಳು ಒಂದೆಡೆ ಸೇರಿ ಮೇಲೇಳುತ್ತವೆ. ಸಂಜೆ ಗುಡುಗು. ಮರುದಿನ ಮತ್ತೆ ಅದೇ ಸೆಖೆ. ಮಳೆ ಬಂದುಹೋದರೂ ಗಾಳಿಯ ಜಾತಿ ಬದಲಾಗಿರುವುದಿಲ್ಲ. ಬಾಸ್ಟನ್ನಿನಲ್ಲಿ ಫ್ರಂಟ್ ದಾಟಿದ ಮೇಲೆ ನೀವು ಉಸಿರಾಡುತ್ತಿರುವುದು ಬೇರೆಯೇ ದೇಶದ ಗಾಳಿ.

ಇನ್ನೊಂದು ದೊಡ್ಡ ವ್ಯತ್ಯಾಸ ಕಡಲಿನದು. ಏಪ್ರಿಲ್-ಮೇನಲ್ಲಿ ಮಂಗಳೂರಿನ ಮುಂದಿನ ಅರಬ್ಬೀ ಸಮುದ್ರ 29-30 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಮಧ್ಯಾಹ್ನದ ಕಡಲಗಾಳಿ ಬಿಸಿಲಿನ ಉರಿಯನ್ನು ಸ್ವಲ್ಪ ತಗ್ಗಿಸಿ, ಬದಲಿಗೆ ಬೆವರು ಕೊಡುತ್ತದೆ. ಬಾಸ್ಟನ್ನಿನ ಮುಂದಿನ ಕಡಲು ಏಪ್ರಿಲ್‌ನಲ್ಲಿ 6-7 ಡಿಗ್ರಿ. ಬಿದ್ದರೆ ಕೆಲವೇ ನಿಮಿಷದಲ್ಲಿ ಕೈಕಾಲು ಮರಗಟ್ಟುವಷ್ಟು ತಣ್ಣಗೆ. ಉತ್ತರದಿಂದ ಇಳಿಯುವ ತಣ್ಣನೆಯ ಪ್ರವಾಹ ಈ ಕಡಲಿಗೆ, ಅಂದರೆ ಮೇನ್ ಕೊಲ್ಲಿಗೆ, ನೀರು ತುಂಬುತ್ತದೆ. ಅದು ಸಾಲದು ಅಂತ ನೀರು ಬಿಸಿಯಾಗುವುದೂ ಬಲು ನಿಧಾನ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಅಷ್ಟೇ ತೂಕದ ಗಾಳಿಗಿಂತ ನಾಲ್ಕು ಪಟ್ಟು ಶಾಖ ಬೇಕು. ಜೊತೆಗೆ ಅಲೆಗಳು ಆ ಶಾಖವನ್ನು ಆಳಕ್ಕೆ ಕಲಸುತ್ತಾ ಇರುತ್ತವೆ. ನೆಲ ಮೇ ತಿಂಗಳಲ್ಲಿದ್ದರೆ ಕಡಲು ಇನ್ನೂ ಮಾರ್ಚ್‌ನಲ್ಲೇ ಇರುತ್ತದೆ. ಅದು ಪೂರ್ತಿ ಬೆಚ್ಚಗಾಗುವುದು ಆಗಸ್ಟ್‌ನಲ್ಲಿ.

ಹಿತ್ತಿಲ ಬಾಗಿಲಿಂದ ಬರುವ ಚಳಿ

ಈಗ ಬಾಸ್ಟನ್ನಿನವರು ಹೆಚ್ಚು ಬೈಯುವ ಅತಿಥಿಯ ವಿಷಯಕ್ಕೆ ಬರೋಣ. ಈ ಅಕ್ಷಾಂಶದಲ್ಲಿ ಹವೆ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಕೋಲ್ಡ್ ಫ್ರಂಟ್‌ಗಳೂ ಪಶ್ಚಿಮ ಅಥವಾ ವಾಯವ್ಯದಿಂದಲೇ ಬರುತ್ತವೆ. ವಸಂತದಲ್ಲಿ ಮಾತ್ರ ಒಂದು ಬಗೆಯದು ಈಶಾನ್ಯದಿಂದ, ಹಿತ್ತಿಲ ಬಾಗಿಲಿಂದ ನುಸುಳುತ್ತದೆ. ಅದನ್ನು ಇಲ್ಲಿ ಬ್ಯಾಕ್‌ಡೋರ್ ಕೋಲ್ಡ್ ಫ್ರಂಟ್ ಅಂತಲೇ ಕರೆಯುತ್ತಾರೆ.

ಅದು ಹೀಗೆ ಆಗುತ್ತದೆ. ಕೆನಡಾದ ಪೂರ್ವ ಭಾಗದಲ್ಲಿ, ಕ್ವಿಬೆಕ್ ಅಥವಾ ಲ್ಯಾಬ್ರಡಾರ್ ಮೇಲೆ, ತಣ್ಣನೆಯ ಗಾಳಿ ರಾಶಿಬಿದ್ದು ಒತ್ತಡ ಹೆಚ್ಚುತ್ತದೆ. ಹೆಚ್ಚು ಒತ್ತಡದ ಸುತ್ತ ಗಾಳಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಾಗಾಗಿ ಅದರ ದಕ್ಷಿಣಕ್ಕಿರುವ ಬಾಸ್ಟನ್ನಿಗೆ ಈಶಾನ್ಯ ಅಥವಾ ಪೂರ್ವದ ಗಾಳಿ ಸಿಗುತ್ತದೆ. ದಾರಿಯಲ್ಲಿ ಅದು ಮೇನ್ ಕೊಲ್ಲಿಯ ಮೇಲೆ ಹಾದು ಬರಬೇಕು. ಮೊದಲೇ ತಣ್ಣಗಿದ್ದದ್ದು ಕಡಲ ಮೇಲೆ ತೇವವನ್ನೂ ಹೊತ್ತುಕೊಳ್ಳುತ್ತದೆ. ಕಡಲ ಮೇಲೆ ಅಡ್ಡಿ ಏನೂ ಇಲ್ಲವಾದ್ದರಿಂದ ನೆಲದ ಮೇಲಿಗಿಂತ ವೇಗವಾಗಿಯೂ ಜಾರುತ್ತದೆ.

ಬೆಳಿಗ್ಗೆ ನೈಋತ್ಯದ ಗಾಳಿ, 25 ಡಿಗ್ರಿ, ಬಾಸ್ಟನ್ ಕಾಮನ್ ಪಾರ್ಕಿನಲ್ಲಿ ಜನ ಹುಲ್ಲಿನ ಮೇಲೆ ಬಿದ್ದುಕೊಂಡಿರುತ್ತಾರೆ. ಮಧ್ಯಾಹ್ನ ಧ್ವಜಗಳು ಒಮ್ಮೆ ಸುಮ್ಮನಾಗಿ ಉಲ್ಟಾ ದಿಕ್ಕಿಗೆ ಹಾರತೊಡಗುತ್ತವೆ. ಉಪ್ಪಿನ ವಾಸನೆ ಬರುತ್ತದೆ. ಒಂದು ಗಂಟೆಯೊಳಗೆ ಹತ್ತು ಡಿಗ್ರಿ ಇಳಿಯಬಹುದು. ಆಮೇಲೆ ತಗ್ಗಿದ ಬೂದು ಮೋಡ, ಕೆಲವೊಮ್ಮೆ ಹನಿಹನಿ. ಗುಡುಗಿಲ್ಲ, ಸಿಡಿಲಿಲ್ಲ, ಮುನ್ಸೂಚನೆಯ ಮೋಡವೂ ಇಲ್ಲ. ಊರಿಂದ ಬಂದ ಅಪ್ಪ-ಅಮ್ಮ ಬೆಳಗಿನ ಬಿಸಿಲು ನಂಬಿ ಸ್ವೆಟರ್ ಬಿಟ್ಟು ಹೊರಟಿದ್ದರೆ ಅಂದು ಪಾಪ ಅವರ ಗತಿ ಅಷ್ಟೇ.

ಈ ಗಾಳಿಗೆ ಎತ್ತರ ಕಡಿಮೆ. ಹಲವು ಸಲ ನೆಲದಿಂದ ಕೆಲವು ನೂರು ಮೀಟರ್, ಹೆಚ್ಚೆಂದರೆ ಒಂದು ಕಿಲೋಮೀಟರಿನಷ್ಟು ದಪ್ಪದ ಪದರ. ಅದರ ಮೇಲೆ ಬಿಸಿ ಗಾಳಿ ಹಾಗೇ ಇರುತ್ತದೆ. ತೆಳ್ಳಗಿದ್ದರೂ ಭಾರವಾದ್ದರಿಂದ ಕದಲುವುದಿಲ್ಲ. ಪಶ್ಚಿಮಕ್ಕೆ ಬೆಟ್ಟಗಳು ಎದ್ದಿರುವುದರಿಂದ ಅದು ಬೆಟ್ಟಕ್ಕೂ ಕಡಲಿಗೂ ನಡುವೆ ತಗ್ಗಿನಲ್ಲಿ ನಿಂತುಬಿಡುತ್ತದೆ. ಮೇಲಿನ ಬಿಸಿಲಿಗೆ ಮೋಡವನ್ನು ಕರಗಿಸಲೂ ಆಗುವುದಿಲ್ಲ. ಹೀಗೆ ಎರಡು ಮೂರು ದಿನ ಕೂತದ್ದೂ ಉಂಟು. ಆ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿರುವ ಗೆಳೆಯರು ಬಿಸಿಲಿನ ಫೋಟೋ ಕಳಿಸುತ್ತಿರುತ್ತಾರೆ, ಅದು ಬೇರೆ ಹೊಟ್ಟೆಉರಿ.

ಮುನ್ಸೂಚನೆ ಕೊಡುವವರಿಗೂ ಇದು ತಲೆನೋವು. ಪದರ ತೆಳ್ಳಗಿರುವುದರಿಂದ ಕಂಪ್ಯೂಟರ್ ಮಾದರಿಗಳು ಅದರ ಅಂಚನ್ನು ಸರಿಯಾಗಿ ಹಿಡಿಯುವುದಿಲ್ಲ. ಗೆರೆ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲಿ ಮೂವತ್ತು-ನಲವತ್ತು ಕಿಲೋಮೀಟರ್ ತಪ್ಪಿದರೆ ಸಾಕು, ಬಾಸ್ಟನ್ನಿಗೆ 24 ಹೇಳಿದ್ದು 11 ಆಗುತ್ತದೆ. ದೇಶದ ಅಳತೆಯಲ್ಲಿ ಅದು ಏನೇನೂ ಅಲ್ಲ. ಕೋಟು ಇಲ್ಲದೆ ಬಸ್ ಕಾಯುವವರಿಗೆ ಅದೇ ಎಲ್ಲ.

ಫ್ರಂಟ್ ಇಲ್ಲದಿದ್ದರೂ

ಎಷ್ಟೋ ಸಲ ಫ್ರಂಟಿನ ಹಂಗೂ ಬೇಕಿಲ್ಲ. ಗಾಳಿ ಮಂದವಾಗಿರುವ ಬಿಸಿಲಿನ ದಿನ ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏಳುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ನಮ್ಮ ಕರಾವಳಿಯಲ್ಲಿ ಆಗುವುದೂ ಇದೇ. ಕಡಲ ನೀರು ಬೇರೆ ಅಷ್ಟೇ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆಲ್ಲ ಅದು ದಡ ಹತ್ತಿ ಒಳಕ್ಕೆ ನಡೆಯುತ್ತದೆ. ಮುಂಚೂಣಿ ಎಷ್ಟು ಸ್ಪಷ್ಟ ಅಂದರೆ ಅದೂ ಒಂದು ಪುಟ್ಟ ಫ್ರಂಟೇ. ಪಶ್ಚಿಮದ ಗಾಳಿ ಜೋರಾಗಿದ್ದರೆ ಅದನ್ನು ದಡದಲ್ಲೇ ತಡೆಯುತ್ತದೆ. ಮಂದವಾಗಿದ್ದರೆ ಅದು ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಹೋಗುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಬಾಸ್ಟನ್ನಿನ ಅಧಿಕೃತ ಉಷ್ಣಾಂಶ ಅಳೆಯುವುದು ಲೋಗನ್ ವಿಮಾನ ನಿಲ್ದಾಣದಲ್ಲಿ. ಅದು ಇರುವುದು ಮೂರು ಕಡೆ ನೀರು ಸುತ್ತಿದ ಜಾಗದಲ್ಲಿ. ಹಾಗಾಗಿ ಮೇ ತಿಂಗಳ ಒಂದು ಮಧ್ಯಾಹ್ನ ಟಿವಿಯಲ್ಲಿ "ಬಾಸ್ಟನ್ 14" ಅಂತ ಬರುತ್ತಿರುವಾಗಲೇ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಅಥವಾ ಶ್ರೂಸ್‌ಬರಿಯಲ್ಲಿ ಮನೆ ಮಾಡಿರುವವರು ಬೆವರು ಒರೆಸುತ್ತಿರಬಹುದು. ನಮ್ಮ ಜನ ಹೆಚ್ಚಾಗಿ ಇರುವುದು ಈ ಒಳನಾಡಿನ ಊರುಗಳಲ್ಲಿ, ಕೆಲಸಕ್ಕೆ ಹೋಗುವುದು ಕಡಲ ಕಡೆಗೆ. ಕಾರಿನಲ್ಲಿ ಒಂದು ಜಾಕೆಟ್ ಮೇ ಕೊನೆತನಕ ಬಿದ್ದಿರುವುದು ಇದಕ್ಕೇ.

ಹಾಗಂತ ಒಳನಾಡು ಸುಖವಾಗಿದೆ ಅಂತಲ್ಲ. ವೂಸ್ಟರ್ ನಗರ ಎತ್ತರದಲ್ಲಿದೆ. 1977ರ ಮೇ 9ರಂದು ಮರಗಳಲ್ಲಿ ಎಲೆ ಬಂದಿರುವಾಗ ಅಲ್ಲಿ ಸುಮಾರು ಒಂದು ಅಡಿ ಹಿಮ ಬಿತ್ತು. ಬಾಸ್ಟನ್ನಿನಲ್ಲಿ ಹೆಚ್ಚುಕಡಿಮೆ ಮಳೆಯೇ.

ಗೆರೆ ಎರಡೂ ಕಡೆಯಿಂದ ಸಮಬಲವಾಗಿ ಸಿಕ್ಕಿಹಾಕಿಕೊಂಡರೆ ಅದು ನಿಂತ ಫ್ರಂಟ್. ಮೇಲಿನ ಕುಸಿತವೊಂದು ಜೆಟ್ ಸ್ಟ್ರೀಮಿನಿಂದ ಕಡಿದುಕೊಂಡು ಒಂದೇ ಕಡೆ ಸುತ್ತತೊಡಗಿದರೆ ಇನ್ನೂ ಕಷ್ಟ. ಕಡಲ ತೇವ ಬರುತ್ತಲೇ ಇರುತ್ತದೆ, ಮಳೆ ಸುರಿಯುತ್ತಲೇ ಇರುತ್ತದೆ. 2006ರ ಮೇ ತಿಂಗಳಲ್ಲಿ, ತಾಯಂದಿರ ದಿನದ ಆಸುಪಾಸಿನಲ್ಲಿ, ಮ್ಯಾಸಚೂಸೆಟ್ಸ್‌ನ ಈಶಾನ್ಯ ಭಾಗ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ದಕ್ಷಿಣದಲ್ಲಿ ಕೆಲವು ಕಡೆ 30 ಸೆಂಟಿಮೀಟರಿಗೂ ಹೆಚ್ಚು ಮಳೆಯಾಗಿ ಮೆರಿಮ್ಯಾಕ್ ನದಿ ಉಕ್ಕಿತು. ಆಗುಂಬೆಯವರಿಗೆ ಇದು ಒಂದು ದಿನದ ಲೆಕ್ಕ ಅನ್ನಿಸಬಹುದು. ಇಲ್ಲಿನ ನದಿಗಳಿಗೆ ಆ ಅಭ್ಯಾಸವಿಲ್ಲ.

ದಿನದ ಹವೆ ತಿಳಿಯಲು

ಬಾಸ್ಟನ್ ಪೇಟೆಯ ನಡುವೆ ಹಳೆಯ ಜಾನ್ ಹ್ಯಾನ್‌ಕಾಕ್ ಕಟ್ಟಡದ ತುದಿಯಲ್ಲಿ 1950ರಿಂದ ಒಂದು ಹವಾಮಾನ ದೀಪ ಇದೆ. ನೀಲಿ ನಿಂತು ಉರಿದರೆ ಶುಭ್ರ ಆಕಾಶ, ಮಿನುಗಿದರೆ ಮೋಡ. ಕೆಂಪು ನಿಂತು ಉರಿದರೆ ಮಳೆ, ಮಿನುಗಿದರೆ ಹಿಮ. ಬೇಸ್‌ಬಾಲ್ ಕಾಲದಲ್ಲಿ ಕೆಂಪು ಮಿನುಗಿದರೆ ರೆಡ್ ಸಾಕ್ಸ್ ಆಟ ರದ್ದು. ಚೆಂದದ ಏರ್ಪಾಟು, ಮಕ್ಕಳಿಗೆ ತೋರಿಸಬೇಕು. ಆದರೆ ವಸಂತದಲ್ಲಿ ನಿಮಗೆ ಬೇಕಾದ ಒಂದೇ ಸಂಗತಿಯನ್ನು ಅದು ಹೇಳುವುದಿಲ್ಲ: ಗಾಳಿ ಯಾವ ಕಡೆಯಿಂದ.

ಫೋನಿನ ಆ್ಯಪ್‌ನಲ್ಲಿ ಮೇಲೆ ಕಾಣುವ ದೊಡ್ಡ ಸಂಖ್ಯೆ ಬಿಟ್ಟು ಗಂಟೆಗಂಟೆಯ ಗಾಳಿ ನೋಡಿ. ನೈಋತ್ಯ ಇದ್ದದ್ದು ಮಧ್ಯಾಹ್ನ ಎರಡಕ್ಕೆ ಪೂರ್ವ ಅಂತ ತಿರುಗಿದರೆ ಹಿತ್ತಿಲ ಬಾಗಿಲು ತೆರೆದಿದೆ ಅಂತ ಅರ್ಥ. ನಕ್ಷೆ ನೋಡುವ ಹುಚ್ಚಿದ್ದರೆ, ತ್ರಿಕೋನದ ಹಲ್ಲಿರುವ ನೀಲಿ ಗೆರೆಯನ್ನು ಹುಡುಕಿ. ಹಲ್ಲುಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಗೆ ಚಳಿ ನಡೆಯುತ್ತಿದೆ. ಅವು ನೈಋತ್ಯಕ್ಕೆ ತಿರುಗಿದ್ದರೆ ಪಿಕ್ನಿಕ್ ಬೆಳಿಗ್ಗೆಯೇ ಮುಗಿಸಿ. ನಾರ್ಟನ್‌ನಲ್ಲಿರುವ ರಾಷ್ಟ್ರೀಯ ಹವಾಮಾನ ಸೇವೆಯ ಕಚೇರಿ ದಿನವೂ ಬರೆದು ಹಾಕುವ ವಿವರಣೆ ಇನ್ನೂ ಒಳ್ಳೆಯದು. ಅಲ್ಲಿನ ತಜ್ಞರು ತಮಗೆ ಎಷ್ಟು ನಂಬಿಕೆಯಿದೆ, ಎಲ್ಲಿ ಅನುಮಾನ ಇದೆ ಅಂತ ಮುಚ್ಚಿಡದೆ ಬರೆಯುತ್ತಾರೆ. ಆ್ಯಪ್‌ಗಳು ಈ ಅನುಮಾನವನ್ನು ನುಂಗಿ ಬರೀ ಸಂಖ್ಯೆ ತೋರಿಸುತ್ತವೆ.

ಬಾಸ್ಟನ್ನಿನ ಆಗ್ನೇಯಕ್ಕೆ ಕಡಲೊಳಗೆ ಚಾಚಿರುವ ಕೇಪ್ ಕಾಡ್‌ಗೆ ಹೋಗುವವರಿಗೆ ಮಾತ್ರ ಈ ಲೆಕ್ಕ ತಿರುವುಮುರುವು. ಬಾಸ್ಟನ್ನಿಗೆ ನೈಋತ್ಯದ ಗಾಳಿ ನೆಲದ ಮೇಲಿಂದ, ಕನೆಕ್ಟಿಕಟ್, ರೋಡ್ ಐಲ್ಯಾಂಡ್ ದಾಟಿ ಬಿಸಿಯಾಗಿ ಬರುತ್ತದೆ. ಅದೇ ಗಾಳಿ ಕೇಪ್ ಕಾಡ್ ತಲುಪುವುದು ತಣ್ಣನೆಯ ನೀರಿನ ಮೇಲಿಂದ. ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಬಾಸ್ಟನ್ನಿನ 28 ಡಿಗ್ರಿ ನೋಡಿ ಬೀಚಿಗೆ ಅಂತ ಹೊರಟವರಿಗೆ ಅಲ್ಲಿ ಸಿಗುವುದು 16. ತೇವದ ಗಾಳಿ ತಣ್ಣನೆಯ ನೀರಿನ ಮೇಲೆ ತಣಿದು ದಟ್ಟ ಮಂಜು ಆಗುವುದೂ ಆಗಲೇ. ಇನ್ನೂ ಆಚೆಯ ನಾಂಟಕೆಟ್ ದ್ವೀಪಕ್ಕೆ ಮೇ-ಜೂನ್‌ನಲ್ಲಿ ವಿಮಾನದ ಟಿಕೆಟ್ ತೆಗೆಯುವುದಾದರೆ ಒಂದು ಯೋಚನೆ ಮಾಡಿ. ಮಂಜಿನಲ್ಲಿ ವಿಮಾನ ಇಳಿಯದ ದಿನವೂ ಕೇಪ್ ಕಾಡ್‌ನ ಹಯಾನಿಸ್‌ನಿಂದ ಹೊರಡುವ ಫೆರಿ ಬೋಟು ಹೆಚ್ಚಾಗಿ ಓಡಾಡುತ್ತಿರುತ್ತದೆ.